ಗೈಡ್ ಪಟ್ಟಿಯಲ್ಲಿ ಒಂದು ಹೆಸರು: ವಿದ್ಯಾರ್ಥಿನಿ–ಪ್ರೊಫೆಸರ್ ಪ್ರೇಮದ ಒಂದು ಪ್ರಕರಣ ಅಧ್ಯಯನ

ವಿದ್ಯಾರ್ಥಿನಿ ಮತ್ತು ಪ್ರೊಫೆಸರ್ ನಡುವೆ ಪ್ರೀತಿ ಅಂದ ಕೂಡಲೇ ಜನ ಕೇಳುವುದು ಎರಡು ಪ್ರಶ್ನೆ. ಮೊದಲು ಶುರು ಮಾಡಿದ್ದು ಯಾರು? ಮದುವೆ ಆಗ್ತಾರಾ ಇಲ್ವಾ? ಈ ಪ್ರಕರಣದಲ್ಲೂ ವಾರಗಟ್ಟಲೆ ಇಡೀ ಕಾಲೇಜು ಈ ಎರಡು ಪ್ರಶ್ನೆಗಳ ಹಿಂದೆಯೇ ಓಡಾಡಿತು. ಅವಳ ಉತ್ತರ ಪತ್ರಿಕೆ ಯಾರ ಮೇಜಿನ ಮೇಲಿದೆ ಎಂದು ಕೇಳಲು ಯಾರಿಗೂ ಹೊಳೆಯಲಿಲ್ಲ.

ಕಾಲೇಜು, ವಿಭಾಗ, ವಿಷಯ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳೂ ಇಲ್ಲ. ವಿದ್ಯಾರ್ಥಿನಿ, ಪ್ರೊಫೆಸರ್, ದೂರು ಕೊಟ್ಟ ಸಹಪಾಠಿ, ಆ ದೂರನ್ನು ವಿಚಾರಿಸಿದ ಸಮಿತಿಯ ಅಧ್ಯಕ್ಷೆ ಇಷ್ಟೇ ಜನ. ಇಂಥ ವಿಷಯಗಳನ್ನು ವಿಚಾರಿಸಬೇಕಾದ ಅಧ್ಯಾಪಕರಿಗೆ ಮತ್ತು ಇಂಥದೇ ಇಕ್ಕಟ್ಟಿನಲ್ಲಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಅವಳು ಸ್ನಾತಕೋತ್ತರ ಪದವಿಯ ಎರಡನೇ ವರ್ಷದಲ್ಲಿದ್ದಳು. ವಯಸ್ಸು 22. ಪ್ರೊಫೆಸರ್‌ಗೆ 39. ಅವರಿಗೆ ವಿಚ್ಛೇದನ ಆಗಿ ಕೆಲವು ವರ್ಷ ಕಳೆದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ‘ಹೆಂಡತಿಗೆ ಮೋಸ ಮಾಡ್ತಿದ್ದಾರೆ’ ಎಂಬ ಸುದ್ದಿಯೂ ಆಮೇಲೆ ಹಬ್ಬಿತು, ಸ್ವಲ್ಪ ದಿನ ವಿಚಾರಣೆಯ ದಿಕ್ಕನ್ನೇ ತಪ್ಪಿಸಿತು. ಅದು ಸುಳ್ಳು.

ವಿಭಾಗ ಚಿಕ್ಕದು. ಪಾಠ ಮಾಡುವವರು ನಾಲ್ಕು ಜನ. ಅವರಲ್ಲಿ ಒಬ್ಬರು ಬೇಡ ಎಂದರೆ ಬೇರೆಯವರ ಪೇಪರ್ ತೆಗೆದುಕೊಳ್ಳುವ ಅನುಕೂಲ ವಿದ್ಯಾರ್ಥಿಗಳಿಗೆ ಇರಲಿಲ್ಲ. ಈ ಪ್ರೊಫೆಸರ್ ಕೈಯಲ್ಲಿ ಒಂದು ಕಡ್ಡಾಯ ಪೇಪರ್ ಇತ್ತು, ಒಂದು ಎಲೆಕ್ಟಿವ್ ಇತ್ತು, ಎರಡರ ಇಂಟರ್ನಲ್ ಮಾರ್ಕ್ಸ್ ಇತ್ತು. ವೈವಾದಲ್ಲೂ (ಮೌಖಿಕ ಪರೀಕ್ಷೆಯಲ್ಲೂ) ಅವರು ಕೂರುತ್ತಿದ್ದರು. ಮುಂದೆ ಪಿಎಚ್‌ಡಿ ಮಾಡಬೇಕು ಎನ್ನುವವರಿಗೆ ಅವರ ಶಿಫಾರಸು ಪತ್ರಕ್ಕೆ ಒಳ್ಳೆಯ ತೂಕ ಇತ್ತು. ಅವಳಿಗೂ ಪಿಎಚ್‌ಡಿ ಆಸೆಯಿತ್ತು.

ಶುರುವಾದದ್ದು ಒಂದು ಸೆಮಿನಾರ್ ಪ್ರಬಂಧದಿಂದ. ಅವಳು ಕೊಟ್ಟ ಕರಡನ್ನು ಅವರು ಪುಟಪುಟಕ್ಕೂ ಟಿಪ್ಪಣಿ ಬರೆದು ವಾಪಸ್ ಕೊಟ್ಟರು. ‘ನಾನು ಬರೆದದ್ದನ್ನ ಅಷ್ಟು ಗಮನ ಕೊಟ್ಟು ಅಲ್ಲಿವರೆಗೂ ಯಾರೂ ಓದಿರಲಿಲ್ಲ’ ಎಂದು ಅವಳು ಆಮೇಲೆ ಹೇಳಿದಳು. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಂಥ ಸಂಬಂಧಗಳಲ್ಲಿ ತುಂಬ ಸಲ ಮೊದಲ ಸೆಳೆತ ರೂಪದ್ದಲ್ಲ. ತನ್ನ ತಲೆಗೆ ಬೆಲೆ ಕೊಡುವವರು ಒಬ್ಬರು ಸಿಕ್ಕರಲ್ಲ ಎಂಬ ಖುಷಿಯದು. ಆದರೆ ಬರೆದದ್ದನ್ನು ಗಮನ ಕೊಟ್ಟು ಓದುವುದು ಪ್ರೊಫೆಸರ್‌ನ ದಿನನಿತ್ಯದ ಕೆಲಸ. ಅದಕ್ಕೆ ಸಂಬಳ ಇದೆ. ವಿದ್ಯಾರ್ಥಿಗೆ ಅದು ವಿಶೇಷ ಕಾಳಜಿಯಾಗಿ ಕಂಡಾಗ, ಈ ವ್ಯತ್ಯಾಸ ಕಾಣುವಷ್ಟು ಅನುಭವ ಇರುವುದು ಎದುರಿನವರಿಗೆ.

ಮೊದಲ ಮೆಸೇಜ್ ಕಳಿಸಿದ್ದು ಅವಳೇ. ಧನ್ಯವಾದ ಹೇಳುವ ಮೆಸೇಜ್. ಆಮೇಲೆ ಲೇಖನಗಳು, ಪುಸ್ತಕಗಳು, ರಾತ್ರಿ ತಡವಾಗುವವರೆಗೆ ಮಾತು. ಮೂರನೇ ಸೆಮಿಸ್ಟರ್ ಅರ್ಧ ಮುಗಿಯುವ ಹೊತ್ತಿಗೆ ಇಬ್ಬರಿಗೂ ವಿಷಯ ಗೊತ್ತಾಗಿತ್ತು. ಯಾರೂ ಬಲವಂತ ಮಾಡಲಿಲ್ಲ, ಯಾರೂ ಆಮಿಷ ಒಡ್ಡಲಿಲ್ಲ. ಮೆಸೇಜ್‌ಗಳನ್ನು ಓದಿದ ಸಮಿತಿ ಕೂಡ ಇದನ್ನು ಒಪ್ಪಿಕೊಂಡಿತು.

ನಿಯಮ ಏನು ಹೇಳುತ್ತದೆ?

ಇಬ್ಬರೂ ವಯಸ್ಕರು. ಭಾರತದಲ್ಲಿ 18 ತುಂಬಿದ ಇಬ್ಬರು ಪ್ರೀತಿಸುವುದನ್ನು ಯಾವ ಕಾನೂನೂ ತಡೆಯುವುದಿಲ್ಲ, ಒಬ್ಬರು ಇನ್ನೊಬ್ಬರಿಗೆ ಪಾಠ ಮಾಡುತ್ತಿದ್ದರೂ ಅಷ್ಟೇ. ಆದರೆ ಅಧಿಕಾರದ ಸ್ಥಾನವನ್ನು ಬಳಸಿ ಹೆಣ್ಣನ್ನು ದೈಹಿಕ ಸಂಬಂಧಕ್ಕೆ ಒಲಿಸಿಕೊಳ್ಳುವುದು ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 68ನೇ ಕಲಂನಲ್ಲಿದೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಅದರ ಜೊತೆಗೆ, ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ 2015ರ ನಿಯಮಗಳು ವಿದ್ಯಾರ್ಥಿಗಳನ್ನೂ ಒಳಗೊಳ್ಳುತ್ತವೆ. ಆ ನಿಯಮಗಳಲ್ಲಿ ಒಂದು ಮುಖ್ಯ ಅಂಶ ಇದೆ: ವಿಚಾರಣೆ ನಡೆಯುವಾಗ, ಆರೋಪ ಹೊತ್ತವರು ದೂರುದಾರರ ಪರೀಕ್ಷೆ, ಕೆಲಸ ಯಾವುದನ್ನೂ ಮೌಲ್ಯಮಾಪನ ಮಾಡದಂತೆ ಸಂಸ್ಥೆ ತಡೆಯಬಹುದು.

ಹೊರದೇಶದ ಕೆಲವು ವಿಶ್ವವಿದ್ಯಾಲಯಗಳು ಇನ್ನೂ ಮುಂದೆ ಹೋಗಿವೆ. ಯೇಲ್ 2010ರಲ್ಲೇ ಪದವಿ ವಿದ್ಯಾರ್ಥಿಗಳ ಜೊತೆ ಅಧ್ಯಾಪಕರ ಪ್ರೇಮ ಸಂಬಂಧವನ್ನು ಪೂರ್ತಿ ನಿಷೇಧಿಸಿತು. ಹಾರ್ವರ್ಡ್‌ನ ಕಲೆ ಮತ್ತು ವಿಜ್ಞಾನಗಳ ವಿಭಾಗ 2015ರಲ್ಲಿ ಅದನ್ನೇ ಮಾಡಿತು. ಆಕ್ಸ್‌ಫರ್ಡ್ 2023ರಲ್ಲಿ ತಂದ ನಿಯಮದ ಗೆರೆ ಬೇರೆ ಕಡೆ ಇದೆ: ಯಾವ ವಿದ್ಯಾರ್ಥಿಯ ಹೊಣೆ ನಿಮ್ಮ ಮೇಲಿದೆಯೋ, ಆ ವಿದ್ಯಾರ್ಥಿಯ ಜೊತೆ ಸಂಬಂಧ ಕೂಡದು. ನನಗೆ ಈ ಆಕ್ಸ್‌ಫರ್ಡ್ ಗೆರೆಯೇ ಸರಿ ಅನ್ನಿಸುತ್ತದೆ. ಮನಸ್ಸನ್ನು ಕಾಯುವ ಕೆಲಸ ಕಾಲೇಜಿನದಲ್ಲ, ಮಾರ್ಕ್ಸ್ ಕಾಯುವ ಕೆಲಸ ಅದರದು.

ನಮ್ಮ ಪ್ರಕರಣದ ಕಾಲೇಜಿನಲ್ಲಿ ಇಂಥ ಗೆರೆ ಎಲ್ಲೂ ಬರೆದಿರಲಿಲ್ಲ. ಸಂಬಂಧಿಕರ ಉತ್ತರ ಪತ್ರಿಕೆ ತಿದ್ದಬಾರದು ಎಂದಿತ್ತು. ಪ್ರೀತಿಸಿದವರ ಮಾತು ಇರಲಿಲ್ಲ.

ಮೊದಲ ತಿರುವು: ಗೈಡ್ ಪಟ್ಟಿ

ಮೂರನೇ ಸೆಮಿಸ್ಟರ್ ಕೊನೆಯಲ್ಲಿ ಪ್ರಾಜೆಕ್ಟ್ ಗೈಡ್‌ಗಳ ಪಟ್ಟಿ ಬಂತು. ಅವಳ ವಿಷಯಕ್ಕೆ ಹತ್ತಿರದವರು ಎಂದು ವಿಭಾಗದ ಮುಖ್ಯಸ್ಥರು ಇದೇ ಪ್ರೊಫೆಸರ್ ಹೆಸರು ಹಾಕಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಇಡೀ ಪ್ರಕರಣದಲ್ಲಿ ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಆ ದಿನ ಪ್ರೊಫೆಸರ್ ‘ನನ್ನ ಹತ್ತಿರ ಈಗಾಗಲೇ ಜಾಸ್ತಿ ಜನ ಇದ್ದಾರೆ, ಇವಳನ್ನ ಬೇರೆಯವರಿಗೆ ಕೊಡಿ’ ಎಂದಿದ್ದರೆ ಸಾಕಿತ್ತು. ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಗೈಡ್ ಬದಲಾಯಿಸುವುದು ಎಲ್ಲ ವಿಭಾಗಗಳಲ್ಲೂ ನಡೆಯುವ ಮಾಮೂಲಿ ಕೆಲಸ. ಅವರು ಹೇಳಲಿಲ್ಲ. ಯಾಕೆ ಎಂದು ಸಮಿತಿ ಕೇಳಿದಾಗ ಅವರು ಕೊಟ್ಟ ಉತ್ತರದಲ್ಲಿ ಪ್ರಾಮಾಣಿಕತೆ ಇತ್ತು: ‘ಅನುಮಾನ ಬರುತ್ತೆ ಅಂತ ಹೆದರಿದೆ. ಜೊತೆಗೆ, ಭೇಟಿ ಆಗೋಕೆ ಒಂದು ನೆಪವೂ ಸಿಕ್ತಲ್ಲ ಅಂತ ಅನ್ನಿಸ್ತು.’

ಅವಳೂ ಆಗ ಖುಷಿಪಟ್ಟಳು. ಇದನ್ನು ಹಿಡಿದು ‘ಇಬ್ಬರದೂ ಸಮ ತಪ್ಪು’ ಎಂದವರು ಸಮಿತಿಯಲ್ಲೇ ಇದ್ದರು. ನಾನು ಇದನ್ನು ಒಪ್ಪುವುದಿಲ್ಲ. ಗೈಡ್ ಬೇಡ ಎಂದು ವಿದ್ಯಾರ್ಥಿನಿ ಹೇಳಿದರೆ ಹತ್ತು ಜನ ಯಾಕೆ ಎಂದು ಕೇಳುತ್ತಾರೆ. ವಿದ್ಯಾರ್ಥಿನಿ ಬೇಡ ಎಂದು ಪ್ರೊಫೆಸರ್ ಹೇಳಿದರೆ ಯಾರೂ ಕೇಳುವುದಿಲ್ಲ. ಬಾಗಿಲು ಯಾರಿಗೆ ಸುಲಭವಾಗಿ ತೆರೆಯುತ್ತಿತ್ತೋ ಅವರೇ ಅದನ್ನು ತೆರೆಯಬೇಕಿತ್ತು.

ಅವರಿಬ್ಬರು ಮಾಡಿಕೊಂಡ ಉಪಾಯಗಳು

ಸುಮ್ಮನೆ ಕೂತಿರಲಿಲ್ಲ ಇಬ್ಬರೂ. ತಮಗೆ ತಾವೇ ಕೆಲವು ನಿಯಮ ಹಾಕಿಕೊಂಡರು. ಕ್ಯಾಂಪಸ್‌ನಲ್ಲಿ ಪ್ರಾಜೆಕ್ಟ್ ಬಿಟ್ಟು ಬೇರೆ ಮಾತಿಲ್ಲ. ತರಗತಿಯಲ್ಲಿ ಅವಳು ಪ್ರಶ್ನೆ ಕೇಳುವುದಿಲ್ಲ. ಅವರು ಅವಳ ಹೆಸರು ಹಿಡಿದು ಕರೆಯುವುದಿಲ್ಲ. ಮಾರ್ಕ್ಸ್ ವಿಷಯದಲ್ಲಿ ಪಕ್ಕಾ ಕಟ್ಟುನಿಟ್ಟು.

ಕೇಳಲು ಇವು ಜವಾಬ್ದಾರಿಯ ನಿಯಮಗಳೇ. ನಡೆಯುವಾಗ ಎಲ್ಲವೂ ಅವಳ ಮೇಲೇ ಬಿದ್ದವು. ತರಗತಿಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದ ಹುಡುಗಿ ಬಾಯಿ ಮುಚ್ಚಿಕೊಂಡಳು. ಗೆಳತಿಯರಿಗೆ ಸುಳ್ಳು ಹೇಳಬೇಕಾಗುತ್ತದೆ ಎಂದು ಗೆಳತಿಯರಿಂದಲೇ ದೂರವಾದಳು. ಹಾಸ್ಟೆಲ್‌ನಲ್ಲಿ ರೂಮ್ ಬದಲಿಸಿಕೊಂಡಳು. ಮನಸ್ಸಿಗೆ ಬೇಜಾರಾದಾಗ ಮಾತಾಡಲು ಉಳಿದವರು ಒಬ್ಬರೇ, ಅದೇ ಪ್ರೊಫೆಸರ್. ಗುಟ್ಟು ಕಾಯುವ ಸಂಬಂಧಗಳಲ್ಲಿ ಹೀಗಾಗುವುದನ್ನು ಯಾರೂ ಯೋಜನೆ ಹಾಕಿ ಮಾಡುವುದಿಲ್ಲ. ಆದರೂ ಆಗುತ್ತದೆ. ಆರು ತಿಂಗಳ ಹಿಂದೆ ಅವಳಿಗೆ ಸಲಹೆ ಕೇಳಲು ನಾಲ್ಕು ಜನ ಇದ್ದರು. ಈಗ ಸಲಹೆ ಬೇಕಿದ್ದದ್ದು ಯಾರ ವಿಷಯಕ್ಕೋ ಅವರನ್ನೇ ಕೇಳಬೇಕಿತ್ತು.

ಕಟ್ಟುನಿಟ್ಟಿನ ಮಾರ್ಕ್ಸ್ ವಿಷಯ ಏನಾಯಿತು ಎಂಬುದು ಮುಂದೆ ಬರುತ್ತದೆ.

ದೂರು

ನಾಲ್ಕನೇ ಸೆಮಿಸ್ಟರ್ ಮಧ್ಯದಲ್ಲಿ ಒಬ್ಬ ಸಹಪಾಠಿ ಪ್ರಿನ್ಸಿಪಾಲರಿಗೆ ಲಿಖಿತ ದೂರು ಕೊಟ್ಟ. ಅವನೂ ಪಿಎಚ್‌ಡಿಗೆ ಅರ್ಜಿ ಹಾಕುವವನು. ಶಿಫಾರಸು ಪತ್ರಕ್ಕಾಗಿ ಇದೇ ಪ್ರೊಫೆಸರ್ ಹಿಂದೆ ಅಲೆದು ಸಾಕಾಗಿದ್ದ. ಇಬ್ಬರನ್ನೂ ಹೊರಗೆಲ್ಲೋ ಒಟ್ಟಿಗೆ ನೋಡಿದ್ದ. ದೂರಿನಲ್ಲಿ ಬರೆದದ್ದು ಇಷ್ಟು: ಆಕೆಯ ಜೊತೆ ಪ್ರೊಫೆಸರ್‌ಗೆ ಸಂಬಂಧ ಇದೆ, ಹಾಗಾಗಿ ಇಂಟರ್ನಲ್ ಮಾರ್ಕ್ಸ್‌ನಲ್ಲಿ ಪಕ್ಷಪಾತ ನಡೆದಿದೆ, ಮರುಪರಿಶೀಲನೆ ಮಾಡಿ.

ಅವನಿಗೆ ಹೊಟ್ಟೆಕಿಚ್ಚು ಎಂದರು, ಅವಳು ಸಿಗಲಿಲ್ಲ ಎಂದು ಹೀಗೆ ಮಾಡಿದ ಎಂದರು. ಇರಬಹುದು, ಇಲ್ಲದಿರಬಹುದು. ದೂರು ಕೊಟ್ಟವನ ಮನಸ್ಸಿನಲ್ಲಿ ಏನಿತ್ತು ಎನ್ನುವುದರಿಂದ ದೂರು ಸುಳ್ಳಾಗುವುದಿಲ್ಲ, ಅಲ್ವಾ? ಅವನು ಕೇಳಿದ್ದು ಮಾರ್ಕ್ಸ್ ನೋಡಿ ಎಂದು. ಅದು ನ್ಯಾಯವಾದ ಬೇಡಿಕೆ.

ಪ್ರಿನ್ಸಿಪಾಲರು ಮಾರ್ಕ್ಸ್ ನೋಡಲಿಲ್ಲ. ಮೊದಲು ಹುಡುಗಿಯ ಮನೆಗೆ ಫೋನ್ ಮಾಡಿಸಿದರು.

22 ವರ್ಷದವಳ ಅಪ್ಪ ಅಮ್ಮನನ್ನು ಕರೆಸುವ ಅಧಿಕಾರ ಅವರಿಗೆ ಯಾವ ನಿಯಮ ಕೊಟ್ಟಿತ್ತೋ ತಿಳಿಯದು. ಅವರು ಅದನ್ನು ಕಾಳಜಿ ಎಂದುಕೊಂಡರು. ಅಪ್ಪ ಬಂದು ಮಗಳನ್ನು ಕರೆದುಕೊಂಡು ಹೋದರು. ಫೋನ್ ಕಿತ್ತುಕೊಂಡರು. ಮೂರು ವಾರ ಅವಳು ಕಾಲೇಜಿಗೆ ಬರಲಿಲ್ಲ. ಅಷ್ಟರಲ್ಲಿ ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕೂರಲು ಬಿಡುತ್ತಾರೋ ಇಲ್ಲವೋ ಎನ್ನುವ ಸ್ಥಿತಿ. ಪ್ರೊಫೆಸರ್ ಮಾತ್ರ ದಿನಾ ಬಂದು ಪಾಠ ಮಾಡುತ್ತಿದ್ದರು. ಅವರ ಮನೆಗೆ ಯಾರೂ ಫೋನ್ ಮಾಡಲಿಲ್ಲ.

ಇದೇ ಹೊತ್ತಿಗೆ ದೂರಿನ ಪತ್ರದ ಫೋಟೋ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು. ಕಚೇರಿಯ ಫೈಲ್‌ನಲ್ಲಿದ್ದ ಪತ್ರ ಅದು. ಹೊರಗೆ ಹೋದದ್ದು ಹೇಗೆ ಎಂದು ಕೊನೆಯವರೆಗೂ ಪತ್ತೆಯಾಗಲಿಲ್ಲ, ಪತ್ತೆ ಮಾಡಲು ಯಾರೂ ಹೆಚ್ಚು ಪ್ರಯತ್ನವನ್ನೂ ಪಡಲಿಲ್ಲ.

ಸಮಿತಿಯಲ್ಲಿ ನಡೆದದ್ದು

ದೂರನ್ನು ಪ್ರಿನ್ಸಿಪಾಲರು ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ದೂರು ಸಮಿತಿಗೆ ಕಳಿಸಿದರು. ಯುಜಿಸಿ ನಿಯಮದ ಪ್ರಕಾರ ಈ ಸಮಿತಿಗೆ ಹಿರಿಯ ಮಹಿಳಾ ಅಧ್ಯಾಪಕರೇ ಅಧ್ಯಕ್ಷರು. ವಿದ್ಯಾರ್ಥಿಗಳ ವಿಷಯವಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು, ಹೊರಗಿನ ಸದಸ್ಯರೂ ಇರಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು.

ಮೊದಲ ಸಭೆಯಲ್ಲೇ ಒಂದು ತೊಡಕು. ಕಿರುಕುಳ ಆಯಿತು ಎಂದು ಅವಳು ಹೇಳಿಲ್ಲ. ದೂರುದಾರ ಬೇರೊಬ್ಬ. ಆರೋಪಿ ಪ್ರೊಫೆಸರ್. ಹಾಗಾದರೆ ಈ ಕಾಗದಗಳಲ್ಲಿ ಅವಳು ಯಾರು? ಯಾವ ಅಂಕಣದಲ್ಲೂ ಅವಳಿಗೆ ಜಾಗ ಇರಲಿಲ್ಲ. ‘ಸಾಕ್ಷಿ’ ಎಂದು ಬರೆದುಕೊಂಡರು. ಎಲ್ಲರಿಗಿಂತ ಜಾಸ್ತಿ ಕಳೆದುಕೊಳ್ಳುತ್ತಿದ್ದವಳು ತನ್ನದೇ ಪ್ರಕರಣದಲ್ಲಿ ಸಾಕ್ಷಿಯಾದಳು. ದೂರುದಾರಳಾಗಿದ್ದರೆ ಅವಳಿಗೆ ರಜೆ ಕೊಡಿಸಬಹುದಿತ್ತು, ಹಾಜರಾತಿಗೆ ರಕ್ಷಣೆ ಇರುತ್ತಿತ್ತು. ಸಾಕ್ಷಿಗೆ ಏನೂ ಇಲ್ಲ.

ಎರಡು ಸಭೆಗಳು ಯಾರು ಶುರು ಮಾಡಿದ್ದು, ಎಲ್ಲಿಗೆ ಹೋಗಿದ್ದರು ಎನ್ನುವುದರಲ್ಲೇ ಕಳೆದವು. ಮೂರನೆಯದರಲ್ಲಿ ಅಧ್ಯಕ್ಷೆ ಇದನ್ನು ನಿಲ್ಲಿಸಿದರು. ವಿಷಯವನ್ನು ಮೂರು ತುಂಡು ಮಾಡಿದರು. ಕಿರುಕುಳ ನಡೆಯಿತೇ ಎಂಬುದನ್ನು ಅವಳ ಬಾಯಿಂದಲೇ ಕೇಳಬೇಕು. ಮಾರ್ಕ್ಸ್ ಸರಿಯಾಗಿದೆಯೇ ಎಂಬುದು ಪರೀಕ್ಷಾ ವಿಭಾಗದ ಕೆಲಸ, ಅದನ್ನು ಅಲ್ಲಿಗೆ ಕಳಿಸಬೇಕು. ಪತ್ರ ಸೋರಿದ್ದು ಆಡಳಿತದ ತಪ್ಪು, ಅದಕ್ಕೆ ಪ್ರಿನ್ಸಿಪಾಲರು ಉತ್ತರ ಕೊಡಬೇಕು. ಉಳಿದದ್ದು ಯಾರಿಗೂ ಸಂಬಂಧವಿಲ್ಲ ಎಂದರು. ಸಮಿತಿಯ ಇಬ್ಬರಿಗೆ ಇದು ಇಷ್ಟವಾಗಲಿಲ್ಲ. ಕಾಲೇಜಿನ ಮರ್ಯಾದೆ ಪ್ರಶ್ನೆ ಎಂದರು. ಮರ್ಯಾದೆ ಅಳೆಯುವ ಅಂಕಣ ನಮ್ಮ ನಮೂನೆಯಲ್ಲಿ ಇಲ್ಲ ಎಂದು ಅಧ್ಯಕ್ಷೆ ಮುಂದೆ ಹೋದರು. ಇಂಥವರು ಎಲ್ಲ ಸಮಿತಿಗಳಲ್ಲೂ ಸಿಗುವುದಿಲ್ಲ.

ಅವರು ಹುಡುಗಿಯನ್ನು ಹೊರಗಿನ ಸದಸ್ಯೆಯ ಜೊತೆ ಕೂತು ಪ್ರತ್ಯೇಕವಾಗಿ ಮಾತಾಡಿಸಿದರು. ಆಗ ಕೇಳಿದ ಒಂದು ಪ್ರಶ್ನೆ ಈ ಪ್ರಕರಣವನ್ನು ತಿರುಗಿಸಿತು.

‘ನೋಡಮ್ಮಾ, ನಿನ್ನ ಪ್ರೀತಿ ನಿಜವೋ ಸುಳ್ಳೋ ನಾನು ಕೇಳ್ತಿಲ್ಲ. ಒಂದು ದಿನ ನಿನಗೆ ಇದು ಸಾಕು ಅನ್ನಿಸಿದ್ದಿದ್ರೆ, ಅವರಿಗೆ ಹೇಳೋಕೆ ಆಗ್ತಿತ್ತಾ?’

ಅವಳು ತಟ್ಟನೆ ಹೇಳಿದಳು: ‘ಆಗ್ತಿತ್ತು ಮೇಡಂ.’ ಸ್ವಲ್ಪ ಹೊತ್ತಿನ ಮೇಲೆ ಅವಳೇ ಸೇರಿಸಿದಳು: ‘ಪ್ರಾಜೆಕ್ಟ್ ಸಬ್ಮಿಟ್ ಆದ್ಮೇಲೆ.’

ಒಪ್ಪಿಗೆ ಇತ್ತೋ ಇಲ್ಲವೋ ಎಂಬ ಚರ್ಚೆ ಅಲ್ಲಿಯವರೆಗೆ ಹೌದು–ಇಲ್ಲಗಳ ನಡುವೆ ಸಿಕ್ಕಿಕೊಂಡಿತ್ತು. ಈ ಉತ್ತರ ಬೇರೆಯದೇ ಹೇಳಿತು. ಒಪ್ಪಿಗೆ ಇತ್ತು. ಅದನ್ನು ವಾಪಸ್ ತೆಗೆದುಕೊಳ್ಳುವ ಸ್ವಾತಂತ್ರ್ಯ ಮಾತ್ರ ಸಬ್ಮಿಷನ್ ದಿನಾಂಕದವರೆಗೆ ಇರಲಿಲ್ಲ. ಪ್ರೊಫೆಸರ್ ಅವಳನ್ನು ಎಂದೂ ಹೆದರಿಸಿರಲಿಲ್ಲ, ಹೆದರಿಸುವ ಯೋಚನೆಯೂ ಅವರಿಗೆ ಬಂದಿರಲಿಕ್ಕಿಲ್ಲ. ಹೆದರಿಸದೆಯೂ ಈ ಭಯ ಇರುತ್ತದೆ ಎಂಬುದೇ ಅವರ ತಲೆಗೆ ಹೋಗಿರಲಿಲ್ಲ. ಅವಳ ಮಾತನ್ನು, ಅವಳ ಅನುಮತಿ ಪಡೆದು, ಅವರಿಗೆ ಓದಿ ಹೇಳಿದಾಗ ಅವರು ತುಂಬ ಹೊತ್ತು ಏನೂ ಹೇಳಲಿಲ್ಲವಂತೆ. ಅಲ್ಲಿಯವರೆಗೆ ಅವರ ವಾದ ಜೋರಾಗಿಯೇ ಇತ್ತು.

ಮಾರ್ಕ್ಸ್

ಪರೀಕ್ಷಾ ವಿಭಾಗ ಇಡೀ ತರಗತಿಯ ಇಂಟರ್ನಲ್ ಉತ್ತರ ಪತ್ರಿಕೆಗಳನ್ನು, ಹೆಸರು ಮುಚ್ಚಿ, ಹೊರಗಿನ ಪರೀಕ್ಷಕರಿಗೆ ಕಳಿಸಿತು. ಬಹುತೇಕರ ಮಾರ್ಕ್ಸ್ ಒಂದೆರಡು ಅಂಕ ಆಚೀಚೆ. ಒಬ್ಬರದು ಮಾತ್ರ ಎದ್ದು ಕಾಣುವಷ್ಟು ಬದಲಾಯಿತು. ಅವಳದು. 30ಕ್ಕೆ 20 ಇದ್ದದ್ದು 25 ಆಯಿತು.

ಪ್ರೊಫೆಸರ್ ಮೊದಲಿಂದಲೂ ಹೇಳುತ್ತಿದ್ದ ಮಾತು ‘ನಾನು ಅವಳಿಗೆ ಒಂದು ಮಾರ್ಕೂ ಜಾಸ್ತಿ ಕೊಟ್ಟಿಲ್ಲ’ ಎಂದು. ಅದು ಪೂರ್ತಿ ನಿಜ. ಅನುಮಾನ ಬರಬಾರದು ಎಂದು ಕಡಿಮೆ ಕೊಟ್ಟಿದ್ದರು. ಅದನ್ನು ಅವರು ನಿಷ್ಪಕ್ಷಪಾತ ಎಂದೇ ನಂಬಿದ್ದರು.

ಸಹಪಾಠಿಗೂ ಇದು ಅನಿರೀಕ್ಷಿತ. ಮಾರ್ಕ್ಸ್‌ನಲ್ಲಿ ಅವನಿಗೆ ಅನ್ಯಾಯ ಆಗಿರಲಿಲ್ಲ. ಆದರೆ ನಷ್ಟ ಆಗಿತ್ತು. ಪ್ರೊಫೆಸರ್ ಆ ಸೆಮಿಸ್ಟರ್ ಪೂರ್ತಿ ತಮ್ಮ ಕೋಣೆಯಲ್ಲಿ ಯಾರಿಗೂ ಸಮಯ ಕೊಡುತ್ತಿರಲಿಲ್ಲ. ಎಲ್ಲರಿಗೂ ಬಾಗಿಲು ತೆರೆದಿಟ್ಟರೆ ಅವಳಿಗೂ ತೆರೆದಿಡಬೇಕು, ಆಗ ಜನ ನೋಡುತ್ತಾರೆ ಎಂಬ ಲೆಕ್ಕ ಅವರದು. ಅವನ ಶಿಫಾರಸು ಪತ್ರ ಹೋಗಬೇಕಿದ್ದ ಒಂದು ಕಡೆ ಕೊನೆಯ ದಿನಾಂಕ ಮುಗಿದಿತ್ತು. ಅವನು ಊಹಿಸಿದ ಪಕ್ಷಪಾತ ಸುಳ್ಳು, ಅವನಿಗೆ ಬಿದ್ದ ಪೆಟ್ಟು ನಿಜ.

ನನಗೆ ಈ ಪ್ರಕರಣ ಬರೆಯಲೇಬೇಕು ಅನ್ನಿಸಿದ್ದು ಈ ಭಾಗಕ್ಕಾಗಿ. ಇಂಥ ಸಂಬಂಧ ಅಂದರೆ ಒಲವಿದ್ದವರಿಗೆ ಜಾಸ್ತಿ ಮಾರ್ಕ್ಸ್ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ತಕ್ಕಡಿ ಹಿಡಿದ ಕೈ ನಡುಗುತ್ತಿದ್ದರೆ ತೂಕ ಜಾಸ್ತಿಯೂ ಆಗಬಹುದು, ಕಡಿಮೆಯೂ ಆಗಬಹುದು. ಹಾಗಾಗಿ ‘ನಾನು ಕಟ್ಟುನಿಟ್ಟಾಗಿ ಇರ್ತೀನಿ’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ತಿದ್ದುವ ಕೆಲಸವನ್ನೇ ಬೇರೆಯವರಿಗೆ ಕೊಡಬೇಕು.

ಫಲಿತಾಂಶ

ಲೈಂಗಿಕ ಕಿರುಕುಳ ಸಾಬೀತಾಗಿಲ್ಲ ಎಂದು ಸಮಿತಿ ಬರೆಯಿತು. ಆದರೆ ತನ್ನ ಹಿತಾಸಕ್ತಿ ಇರುವ ವಿದ್ಯಾರ್ಥಿನಿಯ ಮೌಲ್ಯಮಾಪನ ಮಾಡಿ, ಅದನ್ನು ಮುಚ್ಚಿಟ್ಟದ್ದು ವೃತ್ತಿಧರ್ಮಕ್ಕೆ ವಿರುದ್ಧ ಎಂದು ಸ್ಪಷ್ಟವಾಗಿ ಹೇಳಿತು. ಪ್ರೊಫೆಸರ್‌ಗೆ ಲಿಖಿತ ಛೀಮಾರಿ ಸಿಕ್ಕಿತು. ಗೈಡ್ ಕೆಲಸ, ಪರೀಕ್ಷಾ ಕೆಲಸ ಎರಡರಿಂದಲೂ ಕೆಲವು ವರ್ಷ ದೂರ ಇಟ್ಟರು. ಬರಬೇಕಿದ್ದ ಬಡ್ತಿ ನಿಂತಿತು. ಇದು ಜಾಸ್ತಿ ಆಯ್ತು ಎಂದವರಿದ್ದರು, ಏನೇನೂ ಸಾಲದು ಎಂದವರೂ ಇದ್ದರು. ಈ ಹಿಂದೆ ಬೇರೆ ಯಾರಿಗಾದರೂ ಇಂಥ ಅನುಭವ ಆಗಿದೆಯೇ ಎಂದು ಸಮಿತಿ ಹಳೆಯ ವಿದ್ಯಾರ್ಥಿಗಳನ್ನು ಗುಟ್ಟಾಗಿ ವಿಚಾರಿಸಿತು. ಯಾರೂ ಮುಂದೆ ಬರಲಿಲ್ಲ. ಮುಂದೆ ಬರಲಿಲ್ಲ ಎಂದರೆ ಆಗಿಲ್ಲ ಎಂದೇ ಅರ್ಥವಲ್ಲ, ಹಾಗಂತ ಆಗಿದೆ ಎಂದು ಊಹಿಸುವುದೂ ಸರಿಯಲ್ಲ.

ಅವಳಿಗೆ ಬೇರೆ ಗೈಡ್ ಕೊಟ್ಟರು. ಹಾಜರಾತಿಯನ್ನು ಅಧ್ಯಕ್ಷೆ ಹಟ ಹಿಡಿದು ಸರಿ ಮಾಡಿಸಿದರು. ಮನೆಯವರು ಕರೆದುಕೊಂಡು ಹೋದದ್ದಕ್ಕೆ ಕಾಲೇಜೇ ಕಾರಣ, ಹಾಗಾಗಿ ಆ ದಿನಗಳನ್ನು ಅವಳ ಲೆಕ್ಕಕ್ಕೆ ಹಾಕಬಾರದು ಎಂಬುದು ಅವರ ವಾದ. ಪ್ರಿನ್ಸಿಪಾಲರು ಒಪ್ಪಿ ಸಹಿ ಹಾಕಿದರು. ಮನೆಗೆ ಫೋನ್ ಮಾಡಿಸಿದ್ದು ತಪ್ಪು ಎಂಬ ಸಾಲು ಮಾತ್ರ ಅಂತಿಮ ವರದಿಯಲ್ಲಿ ಬರಲೇ ಇಲ್ಲ. ತಿದ್ದಿದ ಮಾರ್ಕ್ಸ್ ಅಂಕಪಟ್ಟಿಗೆ ಬರುವ ಹೊತ್ತಿಗೆ ಆ ವರ್ಷದ ಪಿಎಚ್‌ಡಿ ಅರ್ಜಿಗಳ ಸಮಯ ಮುಗಿದಿತ್ತು. ಅವಳಿಗೆ ಒಂದು ವರ್ಷ ಹೋಯಿತು.

ಇಬ್ಬರ ಸಂಬಂಧ ವಿಚಾರಣೆಯ ನಂತರವೂ ಸ್ವಲ್ಪ ಕಾಲ ಮುಂದುವರಿಯಿತು. ಈಗ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ‘ಗೈಡ್ ಬದಲಾದ್ಮೇಲೆ ಮೊದಲ ಸಲ ಅವರ ಜೊತೆ ಜಗಳ ಆಡಿದೆ’ ಎಂದಳು ಅವಳು. ‘ಅದಕ್ಕೂ ಮೊದಲು ನಾವು ಜಗಳ ಆಡಿದ್ದೇ ಇಲ್ಲ. ಎಷ್ಟು ಚೆನ್ನಾಗಿದೀವಿ ಅಂದ್ಕೊಂಡಿದ್ದೆ.’ ಆಮೇಲೆ ಅವಳೇ ಸಂಬಂಧ ನಿಲ್ಲಿಸಿದಳು. ತನ್ನನ್ನು ಬಳಸಿಕೊಂಡರು ಎಂದು ಅವಳು ಹೇಳುವುದಿಲ್ಲ. ಅವಳು ಹೇಳದ್ದನ್ನು ನಾವು ಅವಳ ಪರವಾಗಿ ಹೇಳುವುದೂ ಬೇಡ.

ಬದಲಾದದ್ದು

ಅಧ್ಯಕ್ಷೆ ಒತ್ತಾಯ ಮಾಡಿ ಒಂದು ಚಿಕ್ಕ ವ್ಯವಸ್ಥೆ ತಂದರು. ಪ್ರತಿ ವರ್ಷ ಗೈಡ್ ಪಟ್ಟಿ ಅಂತಿಮವಾಗುವ ಮೊದಲು ಪ್ರತಿಯೊಬ್ಬ ಅಧ್ಯಾಪಕರೂ ಒಂದು ಹಾಳೆಗೆ ಸಹಿ ಹಾಕಬೇಕು. ಪಟ್ಟಿಯಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರ ಜೊತೆಗಾದರೂ ನೆಂಟಸ್ತಿಕೆ, ಹಣದ ವ್ಯವಹಾರ ಅಥವಾ ಸ್ವಂತ ಸಂಬಂಧ ಇದ್ದರೆ ಆ ಹೆಸರಿನ ಮುಂದೆ ಗುರುತು ಹಾಕಬೇಕು. ಯಾವ ಸಂಬಂಧ ಎಂದು ಬರೆಯಬೇಕಿಲ್ಲ, ಯಾರೂ ಕೇಳುವಂತಿಲ್ಲ. ಗುರುತು ಬಿದ್ದರೆ ಗೈಡ್, ಇಂಟರ್ನಲ್, ವೈವಾ ಮೂರೂ ಬೇರೆಯವರಿಗೆ ಹೋಗುತ್ತದೆ. ಇದೇ ಹಾಳೆ ವಿದ್ಯಾರ್ಥಿಗಳಿಗೂ ಇದೆ, ಅದು ಮುಚ್ಚಿದ ಲಕೋಟೆಯಲ್ಲಿ ನೇರ ಪರೀಕ್ಷಾ ವಿಭಾಗಕ್ಕೆ ಹೋಗುತ್ತದೆ.

ಸುಳ್ಳು ಸಹಿ ಹಾಕಿದರೆ ಏನು ಮಾಡುತ್ತೀರಿ ಎಂದು ಒಬ್ಬರು ಸಭೆಯಲ್ಲಿ ಕೇಳಿದರು. ಅದಕ್ಕೂ ಉತ್ತರ ಇತ್ತು. ಮುಂದೆ ದೂರು ಬಂದಾಗ ಪ್ರೀತಿ ಇತ್ತೋ ಇಲ್ಲವೋ, ಯಾರು ಶುರು ಮಾಡಿದರು ಎಂದು ಯಾರೂ ಕೆದಕಬೇಕಾಗಿಲ್ಲ. ಸುಳ್ಳು ಸಹಿ ಒಂದೇ ಸಾಕು, ಶಿಸ್ತು ಕ್ರಮಕ್ಕೆ. ಮೊದಲ ವರ್ಷ ಇಬ್ಬರು ಅಧ್ಯಾಪಕರು ಗುರುತು ಹಾಕಿದರು. ಅವರಲ್ಲಿ ಒಬ್ಬರು ತಾವಾಗಿಯೇ ಹೇಳಿಕೊಂಡರು, ಆ ವಿದ್ಯಾರ್ಥಿನಿ ತಮ್ಮ ಅಕ್ಕನ ಮಗಳು ಎಂದು. ಇನ್ನೊಬ್ಬರು ಏನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಪತ್ರಿಕೆಗಳು ಬೇರೆಯವರ ಮೇಜಿಗೆ ಹೋದವು.